ತಿರುಗುವ ಯಂತ್ರದ ಮುಂದೆ ಉಡುಪಿನ ವಿವೇಕ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ಕನ್ನಡನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಉಣ್ಣುವಲ್ಲಿ ತನ್ನ ರುಚಿಯನ್ನೂ ಉಡುವಲ್ಲಿ ನೋಡುವವರ ರುಚಿಯನ್ನೂ ಅನುಸರಿಸಬೇಕೆಂಬುದು ಇದರ ತಾತ್ಪರ್ಯ. ಮದುವೆಯ ಮಂಟಪಕ್ಕೆ, ಪ್ರಸಾದದ ಪಂಕ್ತಿಗೆ, ಸಭೆ ಸಮಾರಂಭಗಳಿಗೆ ಈ ಮಾತು ಸರಿಯಾಗಿ ಒಪ್ಪುತ್ತದೆ. ಆದರೆ ಉಡುವವನ ಇಚ್ಛೆಯಾಗಲಿ ನೋಡುವವರ ಇಚ್ಛೆಯಾಗಲಿ ನಡೆಯದ ಸ್ಥಳವೊಂದು ಇಂದಿನ ಜೀವನದಲ್ಲಿ ಏರ್ಪಟ್ಟಿದೆ. ಅದು ತಿರುಗುವ ಯಂತ್ರದ ಮುಂದಿನ ಒಂದು ಮಾರು ಜಾಗ. ಅಲ್ಲಿ ಉಡುಪನ್ನು ಗೊತ್ತುಪಡಿಸತಕ್ಕದ್ದು ಯಂತ್ರದ ಸ್ವಭಾವ. ಅದನ್ನು ಅರಿಯದೆ ಉಟ್ಟ ಉಡುಗೆ, ಬೇರೆಡೆ ಎಷ್ಟೇ ಗೌರವವನ್ನು ತಂದುಕೊಡಲಿ, ಅಲ್ಲಿ ಉರುಳಾಗಿ ಪರಿಣಮಿಸುವುದು. ಈ ವಿಷಯವನ್ನು ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಕಾರಣಸಹಿತವಾಗಿ ತಿಳಿಸುವುದು ಈ ಪಾಠದ ಉದ್ದೇಶ.

ಒಕ್ಕಲುತನದ ಸೀಮೆಯಲ್ಲಿ ಯಂತ್ರ

ಹಾರೂಗೇರಿ, ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿಗಳ ಈ ಸೀಮೆ ಒಕ್ಕಲುತನಕ್ಕೆ ಹೆಸರಾದುದು. ಯಂತ್ರದ ಮಾತು ದೂರದ ಪಟ್ಟಣದವರಿಗೆ ಸಂಬಂಧಿಸಿದ್ದೆಂದು ಇಲ್ಲಿಯ ಬಾಲಕರು ಭಾವಿಸುವುದುಂಟು. ಅದು ಸರಿಯಲ್ಲ. ಕಬ್ಬಿನ ಗಾಣ, ಕಣಿಕೆ ಕತ್ತರಿಸುವ ಯಂತ್ರ, ರಾಶಿ ಮಾಡುವ ಯಂತ್ರ, ಹಿಟ್ಟಿನ ಗಿರಣಿಯ ಪಟ್ಟಾ, ಟ್ರ್ಯಾಕ್ಟರಿನ ಹಿಂದೆ ತಿರುಗುವ ಉಕ್ಕಿನ ದಂಡ, ಇವೆಲ್ಲವೂ ಹೊಲಮನೆಗಳ ಸುತ್ತಲೇ ಇವೆ. ಇವು ಕೆಟ್ಟಾಗ ಸರಿಪಡಿಸಲು ಲೇಥ್ ಯಂತ್ರ, ಡ್ರಿಲ್ಲಿಂಗ್ ಯಂತ್ರ, ಸಾಣೆಯ ಚಕ್ರಗಳುಳ್ಳ ಅಂಗಡಿಗಳು ಬೇಕೇ ಬೇಕು. ಶಾಲೆ ಮುಗಿಸಿ ಐ.ಟಿ.ಐ. ಸೇರಿ ಟರ್ನರ್ ಅಥವಾ ಫಿಟ್ಟರ್ ಆಗಬೇಕೆಂಬ ಹುಡುಗರ ಮುಂದಿನ ಬಾಳು ಇಂಥ ಯಂತ್ರಗಳ ಸನಿಹದಲ್ಲಿಯೇ ಕಳೆಯತಕ್ಕದ್ದು.

ಯಂತ್ರನಿರ್ಮಾಣದಲ್ಲಿ ಬೆಳಗಾವಿ ಜಿಲ್ಲೆಗೆ ಹಿರಿದಾದ ಚರಿತ್ರೆಯೇ ಉಂಟು. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ತಮ್ಮ ಉದ್ಯೋಗವನ್ನು ಆರಂಭಿಸಿ, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. 1910ರಲ್ಲಿ ಅವರು ಔಂಧ ಸಂಸ್ಥಾನದ ಬರಡು ನೆಲಕ್ಕೆ ತೆರಳಿ ಕಟ್ಟಿದ ಊರೇ ಕಿರ್ಲೋಸ್ಕರವಾಡಿ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ ಕಾರ್ಖಾನೆಯೂ, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯೂ ಲೇಥ್ ಯಂತ್ರಗಳನ್ನು ನಿರ್ಮಿಸಿ ದೇಶಕ್ಕೆ ಒದಗಿಸಿದವು. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಮನೆಗಳೂ ಯಂತ್ರಶಾಲೆಗಳೂ ಬೆಳೆದು ನಿಂತಿವೆ. ಹೀಗೆ ಯಂತ್ರವನ್ನು ನಿರ್ಮಿಸುವ ವಿದ್ಯೆ ಈ ನಾಡಿಗೆ ಬಂದು ನೂರು ವರುಷಗಳು ಸಂದಿವೆ. ಯಂತ್ರದ ಮುಂದೆ ನಿಲ್ಲುವ ವಿದ್ಯೆಯೂ ಮನೆಮನೆಗೆ ತಲುಪಬೇಕಾಗಿದೆ.

ಸುತ್ತುವ ವಸ್ತುವಿನ ಗುಣ

ಕೊಡಲಿ, ಕುಡುಗೋಲುಗಳ ಅಪಾಯ ಅವುಗಳ ಬಾಯಲ್ಲಿದೆ. ಆದುದರಿಂದ ಅದು ಕಣ್ಣಿಗೆ ಕಾಣುತ್ತದೆ. ತಿರುಗುವ ದಂಡದ ಅಪಾಯ ಕಣ್ಣಿಗೆ ಕಾಣುವಂಥದಲ್ಲ. ವೇಗವಾಗಿ ತಿರುಗುವ ನುಣುಪಾದ ದಂಡವು ನಿಂತೇ ಇದೆಯೋ ಎಂಬಂತೆ ತೋರುತ್ತದೆ. ನುಣುಪಾದುದು ಬಟ್ಟೆಯನ್ನು ಹಿಡಿಯಲಾರದೆಂದು ಅನೇಕರು ನಂಬುವರು. ಈ ನಂಬಿಕೆ ಪ್ರಾಣಾಂತಿಕವಾದುದು. ಸಡಿಲವಾದ ದಾರದ ಎಳೆಯೊಂದು ದಂಡಕ್ಕೆ ತಗುಲಿ ಒಂದು ಸುತ್ತು ಸುತ್ತಿತೆಂದರೆ, ಮುಂದಿನ ಸುತ್ತು ಅದರ ಮೇಲೆಯೇ ಬಿದ್ದು ಅದನ್ನು ಅದುಮಿ ಹಿಡಿಯುತ್ತದೆ. ಆಮೇಲೆ ದಂಡದ ನುಣುಪಿನಿಂದ ಯಾವ ಪ್ರಯೋಜನವೂ ಇಲ್ಲ.

ಇದರ ತತ್ತ್ವವನ್ನು ಒಕ್ಕಲಿಗನ ಮಗನಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಕೊಸರಾಡುವ ಹೋರಿಯ ಹಗ್ಗವನ್ನು ಬರಿಗೈಯಿಂದ ಹಿಡಿದರೆ ನಾಲ್ಕು ಆಳುಗಳಿಗೂ ಅದು ನಿಲ್ಲದು. ಅದೇ ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಸುತ್ತಿದರೆ ಹುಡುಗನೊಬ್ಬನೇ ಹಿಡಿದು ನಿಲ್ಲಿಸಬಲ್ಲನು. ಪ್ರತಿಯೊಂದು ಸುತ್ತಿನಿಂದಲೂ ಘರ್ಷಣೆಯ ಹಿಡಿತ ಗುಣಿಸುತ್ತ ಹೋಗುವುದೇ ಇದಕ್ಕೆ ಕಾರಣ. ಘರ್ಷಣೆಯ ಗುಣಾಂಕವನ್ನು 0.3 ಎಂದು ಇಟ್ಟುಕೊಂಡು ಲೆಕ್ಕ ಮಾಡಿದರೆ ಒಂದು ಸುತ್ತಿಗೆ ಹಿಡಿತವು ಸುಮಾರು ಆರೂವರೆ ಪಟ್ಟು, ಎರಡು ಸುತ್ತಿಗೆ ಸುಮಾರು 43 ಪಟ್ಟು, ಮೂರು ಸುತ್ತಿಗೆ 280 ಪಟ್ಟಿಗೂ ಮಿಗಿಲಾಗುತ್ತದೆ. ಹೋರಿಯನ್ನು ನಿಲ್ಲಿಸುವ ಈ ತತ್ತ್ವವೇ ಯಂತ್ರದ ಮುಂದೆ ಮನುಷ್ಯನಿಗೆ ತಿರುಗುಬಾಣವಾಗುವುದು. ಅಲ್ಲಿ ಗೂಟವೇ ತಿರುಗುತ್ತದೆ. ಹಗ್ಗದ ಸ್ಥಾನದಲ್ಲಿ ಮನುಷ್ಯನ ಸೆರಗೋ ತೋಳೋ ಇರುತ್ತದೆ.

ಇನ್ನು ವೇಗದ ಲೆಕ್ಕ. ಟ್ರ್ಯಾಕ್ಟರಿನ ಹಿಂಬದಿಯ ದಂಡವು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ 9 ಸುತ್ತು ತಿರುಗುವಂತೆ ಏರ್ಪಟ್ಟಿದೆ. ದಂಡದ ವ್ಯಾಸ 5 ಸೆಂಟಿಮೀಟರ್ ಇದ್ದರೆ ಒಂದು ಸೆಕೆಂಡಿನಲ್ಲಿ ಸುಮಾರು 1.4 ಮೀಟರ್ ಬಟ್ಟೆಯನ್ನು ಅದು ಸುತ್ತಿಕೊಳ್ಳುವುದು. 20 ಸೆಂಟಿಮೀಟರ್ ವ್ಯಾಸದ ಲೇಥಿನ ಚಕ್ಕು ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ ಒಂದು ಸೆಕೆಂಡಿನಲ್ಲಿ 6 ಮೀಟರಿಗೂ ಹೆಚ್ಚು ಎಳೆದುಕೊಳ್ಳುವುದು. ಅಪಾಯವನ್ನು ಕಂಡ ಮೇಲೆ ಕೈ ಚಲಿಸುವುದಕ್ಕೆ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಚಕ್ಕು ಒಂದೂವರೆ ಮೀಟರ್ ಬಟ್ಟೆಯನ್ನು ನುಂಗಿರುತ್ತದೆ. ಮನುಷ್ಯನ ತೋಳಿನ ಉದ್ದ ಅದರ ಅರ್ಧದಷ್ಟು ಮಾತ್ರ. ‘ಸಿಕ್ಕಿದರೆ ಕೂಡಲೇ ಎಳೆದುಕೊಂಡರಾಯಿತು’ ಎಂಬ ಧೈರ್ಯದ ಮಾತು ಏಕೆ ವ್ಯರ್ಥವೆಂಬುದು ಈ ಲೆಕ್ಕದಿಂದ ವಿಶದವಾಗುತ್ತದೆ. ಈ ಎಳೆತದಿಂದ ಪಾರಾಗುವ ಉಪಾಯ ಒಂದೇ: ಯಂತ್ರವನ್ನು ಚಾಲೂ ಮಾಡುವ ಮೊದಲೇ ಸಡಿಲವಾದುದೊಂದೂ ಮೈಮೇಲೆ ಇರದಂತೆ ನೋಡಿಕೊಳ್ಳುವುದು.

ನುಡಿಯಲ್ಲಿಯೇ ಅಡಗಿರುವ ಎಚ್ಚರ

ಬಿಗಿಯಾದ ಉಡುಪು ಪರದೇಶದಿಂದ ಬಂದ ಪದ್ಧತಿಯೆಂದೂ ಹಿರಿಯರ ಉಡುಗೆಯನ್ನು ಬಿಡುವುದು ಮರ್ಯಾದೆಗೆ ಕುಂದೆಂದೂ ಕೆಲವರು ಆಕ್ಷೇಪಿಸುವುದುಂಟು. ಕನ್ನಡ ನುಡಿಯನ್ನು ಪರಿಶೀಲಿಸಿದರೆ ಈ ಆಕ್ಷೇಪಕ್ಕೆ ಆಧಾರವಿಲ್ಲವೆಂಬುದು ಗೊತ್ತಾಗುತ್ತದೆ. ಕಾರ್ಯಕ್ಕೆ ಸಿದ್ಧನಾಗುವುದಕ್ಕೆ ಕನ್ನಡದಲ್ಲಿ ‘ಟೊಂಕ ಕಟ್ಟು’ ಎಂದು ಹೇಳುತ್ತಾರೆ. ಟೊಂಕವೆಂದರೆ ನಡು. ಇಳಿಬಿಟ್ಟ ಬಟ್ಟೆಯನ್ನು ನಡುವಿಗೆ ಬಿಗಿದುಕೊಂಡವನೇ ಕೆಲಸಕ್ಕೆ ಸಿದ್ಧನಾದವನು. ‘ಕಚ್ಚೆ ಕಟ್ಟು’, ‘ತೋಳೇರಿಸು’ ಎಂಬ ನುಡಿಗಳೂ ಇದೇ ಬಗೆಯವು. ವೀರಭದ್ರನ ಕುಣಿತಕ್ಕೆ ‘ವೀರಗಾಸೆ’ ಎಂಬ ಹೆಸರು ಬಂದುದೇ ವೀರರು ಬಿಗಿದು ಉಡುವ ಕಾಸೆಯಿಂದ. ಗರಡಿಯ ಮಣ್ಣಿಗೆ ಇಳಿಯುವ ಪೈಲವಾನನು ಧೋತರದ ಚುಂಗು ಬಿಟ್ಟುಕೊಂಡು ಇಳಿಯುವುದಿಲ್ಲ. ಭತ್ತ ನಾಟಿ ಮಾಡುವ, ಜೋಳ ಕೊಯ್ಯುವ ಹೆಣ್ಣುಮಕ್ಕಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊಲಕ್ಕೆ ಇಳಿಯುತ್ತಾರೆ. ಆದುದರಿಂದ ಸಭೆಯ ಉಡುಪು ಬೇರೆ, ದುಡಿಮೆಯ ಉಡುಪು ಬೇರೆ ಎಂಬ ವಿವೇಕವು ಈ ನೆಲದಲ್ಲಿ ಮೊದಲಿನಿಂದಲೂ ಇದ್ದುದೇ ಆಗಿದೆ. ಕೊಯ್ಲಿನಲ್ಲಿ ಅನುಕೂಲಕ್ಕಾಗಿ ಇದ್ದ ಈ ಪದ್ಧತಿ ಯಂತ್ರದ ಮುಂದೆ ಪ್ರಾಣರಕ್ಷಣೆಯ ನಿಯಮವಾಗಿದೆ.

ಉಡುಪಿನ ಅಂಗಾಂಗ ವಿಚಾರ

ಮೊದಲು ತಲೆ. ರುಮಾಲಿನ ಚುಂಗು, ಹೆಗಲ ಮೇಲಿನ ಟವೆಲು, ಕೊರಳಿಗೆ ಸುತ್ತಿದ ಮಫ್ಲರು ಇವು ಯಂತ್ರದ ಬಳಿ ಸಲ್ಲವು. ಬಾಗಿ ನೋಡುವಾಗ ಎಲ್ಲಕ್ಕಿಂತ ಮೊದಲು ಯಂತ್ರವನ್ನು ಮುಟ್ಟುವುವು ಇವೇ. ಹೆಣ್ಣುಮಕ್ಕಳ ಜಡೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 2011ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಯಂತ್ರಶಾಲೆಯಲ್ಲಿ ರಾತ್ರಿಯ ಹೊತ್ತು ಒಬ್ಬಳೇ ಲೇಥಿನ ಮುಂದೆ ಕೆಲಸ ಮಾಡುತ್ತಿದ್ದ ವಿಜ್ಞಾನದ ವಿದ್ಯಾರ್ಥಿನಿಯೊಬ್ಬಳು ಕೂದಲು ಯಂತ್ರಕ್ಕೆ ಸಿಕ್ಕಿ ಮೃತಳಾದಳು. ಜಗತ್ತಿನ ಶ್ರೇಷ್ಠ ವಿದ್ಯಾಪೀಠಗಳಲ್ಲೊಂದರಲ್ಲಿ ನಡೆದ ಈ ಘಟನೆಯಿಂದ ಎರಡು ಪಾಠಗಳನ್ನು ಕಲಿಯಬಹುದು. ಕೂದಲನ್ನು ತುರುಬು ಕಟ್ಟಿ ಟೊಪ್ಪಿಗೆಯೊಳಗೆ ಸೇರಿಸಬೇಕು. ಯಂತ್ರದ ಬಳಿ ಯಾರೂ ಒಬ್ಬಂಟಿಯಾಗಿ ಕೆಲಸ ಮಾಡಬಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹೆಸರಾಂತ ಚಿತ್ರನಟಿ ವೆರೋನಿಕಾ ಲೇಕ್ ಎಂಬವಳು ಮುಖದ ಮೇಲೆ ಇಳಿಬಿಡುತ್ತಿದ್ದ ತನ್ನ ಕೂದಲನ್ನು ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಮೇಲ್ಪಂಕ್ತಿಯಾಗಲೆಂದು ಮೇಲೆತ್ತಿ ಕಟ್ಟಿಕೊಂಡಳು. ಅವಳಿಗೆ ಕೀರ್ತಿ ತಂದುದೇ ಆ ಕೂದಲು ಎಂಬುದನ್ನು ನೆನೆದರೆ ಇದು ಸಣ್ಣ ತ್ಯಾಗವಲ್ಲ.

ಎರಡನೆಯದು ಕೊರಳು. 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ಪ್ರಸಿದ್ಧ ನರ್ತಕಿ ಇಸಡೋರಾ ಡಂಕನ್ ಮೋಟಾರಿನಲ್ಲಿ ಹೊರಟಾಗ ಅವಳ ಕೊರಳಿನ ಉದ್ದವಾದ ರೇಷ್ಮೆಯ ವಸ್ತ್ರವು ಗಾಲಿಗೆ ಸುತ್ತಿಕೊಂಡು ಅವಳು ಅಲ್ಲಿಯೇ ಅಸುನೀಗಿದಳು. ಓಢಣಿ ಹೊದ್ದು ಮೋಟಾರ್ ಸೈಕಲ್ಲಿನ ಹಿಂದೆ ಕೂರುವ ಹೆಣ್ಣುಮಕ್ಕಳಿಗೆ ಇದೇ ಅಪಾಯ ದಿನನಿತ್ಯವೂ ಇದೆ. ಹಿಂದೆ ಕುಳಿತವರ ಬಟ್ಟೆ ಗಾಲಿಗೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ತಡೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿದುದು ಇದಕ್ಕಾಗಿಯೇ. ಆ ತಡೆಯನ್ನು ಅಂದಕ್ಕಾಗಿ ಕಿತ್ತುಹಾಕಿಸುವ ತರುಣರು ತಮ್ಮ ತಾಯಿ, ತಂಗಿಯರ ಕೊರಳಿಗೆ ತಾವೇ ಗಂಡಾಂತರವನ್ನು ತರುತ್ತಾರೆ.

ಕೊರಳಿನ ವಿಷಯದಲ್ಲಿ ಲಿಂಗಧಾರಿಗಳು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಇಷ್ಟಲಿಂಗವು ಅಂಗದಿಂದ ಅಗಲತಕ್ಕದ್ದಲ್ಲ. ಆದರೆ ಅಂಗಿಯ ಹೊರಗೆ ಜೋಲಾಡುವ ಕರಡಿಗೆ ಹಾಗೂ ಉದ್ದವಾದ ಗಟ್ಟಿ ಶಿವದಾರ ಲೇಥಿನ ಮುಂದೆ ಬಾಗುವವನಿಗೆ ಅಪಾಯಕಾರಿಯಾದುವು. ಆದ್ದರಿಂದ ಶಿವದಾರವನ್ನು ಗಿಡ್ಡ ಮಾಡಿಕೊಂಡು, ಎದೆಗೆ ಅಂಟಿಕೊಂಡಂತೆ ಬಿಗಿಯಾದ ಬನಿಯನ್ನಿನ ಒಳಗೆ ಧರಿಸಿ, ಅದರ ಮೇಲೆ ಅಂಗಿಯ ಗುಂಡಿಗಳನ್ನು ಕೊರಳಿನವರೆಗೆ ಹಾಕಿಕೊಳ್ಳತಕ್ಕದ್ದು. ಇದರಿಂದ ಲಿಂಗಕ್ಕೂ ರಕ್ಷಣೆ, ಅಂಗಕ್ಕೂ ರಕ್ಷಣೆ. ಶೂನ್ಯಸಂಪಾದನೆಯಲ್ಲಿ ನುಲಿಯ ಚಂದಯ್ಯನ ಪ್ರಸಂಗವಿದೆ. ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಮೈಮೇಲಿನ ಲಿಂಗವು ಜಾರಿಬಿದ್ದರೂ ಆ ಶರಣನು ಕಾಯಕವನ್ನು ಬಿಡಲಿಲ್ಲ. ಕಾಯಕಕ್ಕೆ ಶರಣರು ಕೊಟ್ಟ ಹಿರಿಮೆಯನ್ನು ಈ ಕಥೆ ಸಾರುತ್ತದೆ. ಕಾಯಕವನ್ನು ಇಷ್ಟು ದೊಡ್ಡದೆಂದು ಬಗೆದ ಪರಂಪರೆಯಲ್ಲಿ ಕಾಯಕಕ್ಕೆ ತಕ್ಕಂತೆ ಮೈಯನ್ನು ಸಜ್ಜುಗೊಳಿಸುವುದೂ ಧರ್ಮವೇ ಆಗುವುದು. ತಾಯಿತ, ರುದ್ರಾಕ್ಷಿಮಾಲೆ, ಮಂಗಳಸೂತ್ರಗಳಿಗೂ ಇದೇ ಕ್ರಮ. ಬೆಳ್ಳಿ ಬಂಗಾರದ ಸರಗಳನ್ನು ಮನೆಯಲ್ಲಿಯೇ ಇಟ್ಟು ಬರುವುದು ಲೇಸು. ಕೊರಳಿಗೆ ತೂಗುಹಾಕುವ ಗುರುತಿನ ಚೀಟಿ, ಕಿವಿಗೆ ಸಿಕ್ಕಿಸುವ ಮೊಬೈಲಿನ ತಂತಿ, ಇವು ಇಂದಿನ ಕಾಲದ ಹೊಸ ಕೊರಳದಾರಗಳು. ಅವುಗಳನ್ನೂ ತೆಗೆದಿಡಬೇಕು.

ಮೂರನೆಯದು ತೋಳು ಮತ್ತು ಕೈ. ಅಂಗಿಯ ತೋಳು ಮೊಣಕೈಗಿಂತ ಮೇಲಿರಬೇಕು. ಇಲ್ಲವೇ ಮಣಿಕಟ್ಟಿನಲ್ಲಿ ಗುಂಡಿ ಹಾಕಿ ಬಿಗಿಯಾಗಿರಬೇಕು. ನಡುವೆ ಜೋಲುವ ತೋಳು ಸಲ್ಲದು. ಉಂಗುರ, ಕಡಗ, ಬಳೆ, ಕೈಗಡಿಯಾರಗಳನ್ನು ಕಳಚಿಡಬೇಕು. ಕೈಗವಸಿನ ವಿಷಯದಲ್ಲಿ ಬಹುಜನರು ತಪ್ಪು ತಿಳಿದಿರುತ್ತಾರೆ. ಕಾಯ್ದ ಕಬ್ಬಿಣವನ್ನು ಎತ್ತುವಾಗ, ಹರಿತವಾದ ತಗಡನ್ನು ಸಾಗಿಸುವಾಗ ಕೈಗವಸು ರಕ್ಷಕ. ಆದರೆ ಲೇಥ್, ಡ್ರಿಲ್ಲಿಂಗ್ ಮುಂತಾದ ತಿರುಗುವ ಯಂತ್ರಗಳ ಮುಂದೆ ಅದೇ ಭಕ್ಷಕ. ಬೈರಿಗೆಯ ಮೊನೆಗೆ ಬೆರಳು ತಗುಲಿದರೆ ಗಾಯವಾದೀತು. ಕೈಗವಸು ತಗುಲಿದರೆ ಕೈಯೇ ಸುತ್ತಿಕೊಂಡು ಹೋದೀತು. ಹಾಗೆಯೇ ತಿರುಗುತ್ತಿರುವ ಕಬ್ಬಿಣವನ್ನು ಅರಿವೆಯ ಚಿಂದಿಯಿಂದ ಒರೆಸುವುದಾಗಲಿ, ಉಕ್ಕಿನ ಸುರುಳಿ ಚೂರುಗಳನ್ನು ಕೈಯಿಂದ ಎಳೆಯುವುದಾಗಲಿ ಕೂಡದು. ಯಂತ್ರವನ್ನು ನಿಲ್ಲಿಸಿ ಕುಂಚದಿಂದಲೋ ಕೊಕ್ಕೆಯಿಂದಲೋ ತೆಗೆಯಬೇಕು.

ನಾಲ್ಕನೆಯದು ನಡು. ಅಂಗಿಯ ತುದಿಯನ್ನು ಪ್ಯಾಂಟಿನ ಒಳಗೆ ಸೇರಿಸಬೇಕು. ಧೋತರ, ಲುಂಗಿಗಳನ್ನು ಉಟ್ಟು ಯಂತ್ರಶಾಲೆಗೆ ಬರಬಾರದು. ಕಣಿಕೆ ಕತ್ತರಿಸುವ ಇಲ್ಲವೆ ರಾಶಿ ಮಾಡುವ ಯಂತ್ರದ ಬಳಿ ಕೆಲಸ ಮಾಡುವ ಹೆಣ್ಣುಮಕ್ಕಳು ಸೆರಗನ್ನು ಸೊಂಟಕ್ಕೆ ಬಿಗಿದು, ಸೀರೆಯ ಮೇಲೆ ಗುಂಡಿ ಹಾಕಿದ ಗಂಡಸರ ಅಂಗಿಯನ್ನು ತೊಡುವುದುಂಟು. ಅದು ಒಳ್ಳೆಯ ರೂಢಿ. ಎಂಟು ಒಂಬತ್ತು ಗಜದ ಸೀರೆಗಿಂತ ಮೈಗೆ ಹೊಂದುವ ಉಡುಪೇ ಯಂತ್ರದ ಬಳಿ ಮೇಲು. ಬಟ್ಟೆಯ ಜಾತಿಯನ್ನೂ ವಿಚಾರಿಸಬೇಕು. ಹತ್ತಿಯ ಬಟ್ಟೆ ಎಳೆತಕ್ಕೆ ಹರಿದು ಹೋಗಿ ಮನುಷ್ಯನನ್ನು ಬಿಟ್ಟುಕೊಡುವ ಸಂಭವವುಂಟು. ಟೆರಿಲಿನ್ ಮುಂತಾದ ಕೃತಕ ನೂಲಿನ ಬಟ್ಟೆ ಬೇಗನೆ ಹರಿಯದು, ಕಾದ ಚೂರು ಬಿದ್ದರೆ ಕರಗಿ ಮೈಗೆ ಅಂಟುವುದು. ಹಾಗೆಂದು ಹತ್ತಿಯದೆಂಬ ನೆಚ್ಚಿಕೆಯಿಂದ ಸಡಿಲವಾಗಿ ಉಡುವುದೂ ತರವಲ್ಲ.

ಐದನೆಯದು ಕಾಲು. ಪ್ಯಾಂಟಿನ ಅಂಚು ನೆಲಕ್ಕೆ ಎಳೆಯುವಷ್ಟು ಉದ್ದವಿರಬಾರದು. ಚಪ್ಪಲಿಯ ಬದಲು ಮುಚ್ಚಿದ ಬೂಟು ಬೇಕು. ಎಣ್ಣೆಯ ನೆಲದಲ್ಲಿ ಜಾರಿದವನ ಕೈ ಆಸರೆಗಾಗಿ ಚಾಚುವುದು ಎದುರಿಗಿರುವ ಯಂತ್ರದ ಕಡೆಗೇ ಅಲ್ಲವೆ?

ಇಷ್ಟಾದರೂ ಹಬ್ಬದ ದಿನ ಈ ಎಚ್ಚರವೆಲ್ಲ ಮರೆತುಹೋಗುವ ಸಂಭವವಿದೆ. ಖಂಡೇಪೂಜೆಯಂದು ಹೊಸ ಧೋತರ ಉಟ್ಟು, ಹೆಗಲಿಗೆ ಶಲ್ಯ ಹೊದ್ದು, ಹೂ ಮುಡಿದ ಮನೆಮಂದಿಯೊಡನೆ ಯಂತ್ರಕ್ಕೆ ಮಾಲೆ ಹಾಕುವುದು ಸಂಪ್ರದಾಯ. ಪೂಜೆಗೆ ನಿಂತ ಯಂತ್ರ ನಿಂತೇ ಇರಬೇಕು. ವಿದ್ಯುತ್ತನ್ನು ಮೂಲದಲ್ಲಿಯೇ ಕಡಿದಿರಬೇಕು. ಮಾಲೆಯನ್ನು ತೆಗೆದು, ಹಬ್ಬದ ಉಡುಪನ್ನು ಬದಲಿಸಿದ ಮೇಲೆಯೇ ಯಂತ್ರವನ್ನು ಚಾಲೂ ಮಾಡತಕ್ಕದ್ದು.

ಕಾಯಿದೆಯೂ ಹೊಣೆಯೂ

ಇಲ್ಲಿಯವರೆಗೆ ದುಡಿಯುವವನ ಕರ್ತವ್ಯವನ್ನು ಹೇಳಿದುದಾಯಿತು. ಆದರೆ ಎಲ್ಲ ಹೊಣೆಯನ್ನೂ ಅವನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. 1948ರ ಕಾರ್ಖಾನೆಗಳ ಕಾಯಿದೆಯ 21ನೆಯ ಕಲಮು ಯಂತ್ರದ ಅಪಾಯಕಾರಿಯಾದ ಭಾಗಗಳಿಗೆ ಭದ್ರವಾದ ಆವರಣವನ್ನು ಕಟ್ಟಬೇಕೆಂದು ಮೊದಲು ವಿಧಿಸಿತು. 22ನೆಯ ಕಲಮು ಉಡುಪಿನ ಮಾತನ್ನೇ ಎತ್ತಿತು. ಚಲಿಸುತ್ತಿರುವ ಯಂತ್ರವನ್ನು ಪರೀಕ್ಷಿಸುವುದು ಅನಿವಾರ್ಯವಾದಾಗ, ವಿಶೇಷ ಶಿಕ್ಷಣ ಪಡೆದ ವಯಸ್ಕ ಕೆಲಸಗಾರನು ಮೈಗೆ ಬಿಗಿಯಾಗಿ ಹೊಂದುವ ಉಡುಪನ್ನು ಧರಿಸಿಯೇ ಆ ಕೆಲಸವನ್ನು ಮಾಡಬೇಕೆಂದೂ, ಆ ಉಡುಪನ್ನು ಕಾರ್ಖಾನೆಯ ಒಡೆತನದವರೇ ಒದಗಿಸಬೇಕೆಂದೂ ಅದು ಹೇಳಿತು. ಉಡುಪು ಕೆಲಸದ ಸಲಕರಣೆಗಳಲ್ಲೊಂದು, ಅದರ ವೆಚ್ಚ ಮಾಲಿಕನದು ಎಂಬ ನ್ಯಾಯವು ಈ ಮಾತಿನಲ್ಲಿದೆ. 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆಯೂ ರಚಿತವಾಗಿ, ರಾಶಿ ಮಾಡುವ ಯಂತ್ರಗಳಿಂದ ರೈತರಿಗೆ ಒದಗುವ ಅಂಗಹಾನಿಯ ಕಡೆಗೆ ಗಮನ ಸೆಳೆಯಿತು.

ಆದರೆ ಕಾಯಿದೆಯ ಕೈ ಎಲ್ಲ ಕಡೆಗೂ ಚಾಚುವುದಿಲ್ಲ. 1948ರ ಕಾಯಿದೆ ಸಾಮಾನ್ಯವಾಗಿ ವಿದ್ಯುತ್ತಿನಿಂದ ನಡೆಯುವ, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸ್ಥಳಕ್ಕೆ ಅನ್ವಯಿಸುತ್ತಿತ್ತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ ಇಪ್ಪತ್ತಕ್ಕೆ ಏರಿತು. ಊರ ಮಗ್ಗುಲಲ್ಲಿ ಒಬ್ಬ ಮೇಸ್ತ್ರಿ, ಇಬ್ಬರು ಹುಡುಗರು ಸೇರಿ ನಡೆಸುವ ಲೇಥಿನ ಅಂಗಡಿಯೂ, ಕಣದಲ್ಲಿ ನಿಂತ ರಾಶಿಯ ಯಂತ್ರವೂ ಕಾರ್ಖಾನೆಯೆಂಬ ಲೆಕ್ಕಕ್ಕೆ ಬಾರವು. ಅಲ್ಲಿ ಇನ್‌ಸ್ಪೆಕ್ಟರನಿಲ್ಲ, ದಫ್ತರವಿಲ್ಲ. ಹಳೆಯ ಜೋಲು ಅಂಗಿಯಲ್ಲಿ ಕೆಲಸಕ್ಕೆ ಬಂದ ಹುಡುಗನಿಗೆ ಬೇರೆ ಅಂಗಿ ಇರುವುದೂ ಸಂದೇಹ. ಅಂಥಲ್ಲಿ ಯಂತ್ರಕ್ಕೆ ಮುಚ್ಚಳ ಕೂಡಿಸುವುದೂ ಹುಡುಗನಿಗೆ ಬಿಗಿಯಾದ ಒಂದು ಜೊತೆ ಬಟ್ಟೆ ಹೊಲಿಸಿಕೊಡುವುದೂ ಯಜಮಾನನ ಧರ್ಮ. ಸಡಿಲ ಬಟ್ಟೆಯಲ್ಲಿ ಬಂದವನನ್ನು ಆ ದಿನ ಯಂತ್ರದ ಬಳಿಗೆ ಬಿಡದೆ ಬೇರೆ ಕೆಲಸಕ್ಕೆ ಹಚ್ಚುವುದೂ ಅವನ ಧರ್ಮ. ಎರಡು ಮೀಟರು ಬಟ್ಟೆಯ ಬೆಲೆಯನ್ನೂ ಒಂದು ತೋಳಿನ ಬೆಲೆಯನ್ನೂ ತೂಗಿ ನೋಡಿದರೆ ಇದು ಭಾರವೆನಿಸಲಾರದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದು ವೇಳೆ ಯಾರಾದರೂ ಸಿಕ್ಕಿಕೊಂಡರೆ, ಸಮೀಪದಲ್ಲಿದ್ದವರು ಮೊದಲು ಅವರ ಕೈಯನ್ನು ಹಿಡಿದೆಳೆಯಲು ಧಾವಿಸಬಾರದು. ಹಾಗೆ ಮಾಡಿದರೆ ಒಬ್ಬರ ಬದಲು ಇಬ್ಬರು ಸಿಕ್ಕಿಕೊಳ್ಳುವರು. ಮೊದಲು ವಿದ್ಯುತ್ತಿನ ಗುಂಡಿಯನ್ನು ಆರಿಸಬೇಕು. ಎಂಜಿನ್ನಿದ್ದರೆ ಅದನ್ನು ನಿಲ್ಲಿಸಬೇಕು. ಯಂತ್ರ ಪೂರ್ತಿಯಾಗಿ ನಿಂತ ಮೇಲೆ ಬಟ್ಟೆಯನ್ನು ಕತ್ತರಿಸಿ ಬಿಡಿಸಬೇಕು. ಆದುದರಿಂದ ಯಂತ್ರವನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯೆಂಬುದನ್ನು ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನೂ ಮೊದಲ ದಿನವೇ ತಿಳಿದುಕೊಂಡಿರಬೇಕು.

ಮೇಲಿನ ವಿಚಾರವನ್ನೆಲ್ಲ ವಿದ್ಯಾರ್ಥಿಗಳು ಐದು ಮಾತುಗಳಲ್ಲಿ ನೆನಪಿಡಬಹುದು: ತಲೆ, ಕೊರಳು, ತೋಳು, ನಡು, ಕಾಲು. ಯಂತ್ರದ ಗುಂಡಿಯನ್ನು ಒತ್ತುವ ಮೊದಲು ಈ ಐದು ಸ್ಥಳಗಳನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುವುದಕ್ಕೆ ಹತ್ತು ಸೆಕೆಂಡು ಸಾಕು. ಈ ಮಕ್ಕಳು ಮನೆಗೆ ಹೋಗಿ, ರಾಶಿಯ ಯಂತ್ರದ ಬಳಿ ನಿಂತ ತಾಯಿಗೆ ಸೆರಗು ಬಿಗಿದುಕೊಳ್ಳೆಂದೂ ಗಿರಣಿಯ ಪಟ್ಟಾದ ಬಳಿ ನಿಂತ ತಂದೆಗೆ ಹೆಗಲ ಮೇಲಿನ ಟವೆಲು ತೆಗೆದಿಡೆಂದೂ ಹೇಳಿದರೆ, ಅವರು ಕಲಿತ ವಿದ್ಯೆ ಸಾರ್ಥಕವಾಗುವುದು.